ಗಾಜಿನ ಮೇಲೆ ಬಿದ್ದ ಹೆಬ್ಬೆಟ್ಟು

ಟಪ್.

ಹೆಬ್ಬೆರಳು ಗಾಜಿನ ಮೇಲೆ ಬಿದ್ದ ಸದ್ದು. ಆ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೇಳುವುದೇ ಇಂಥ ಸದ್ದು. ಉದ್ದ ಮೇಜಿನ ಸುತ್ತ ಕೂತವರೆಲ್ಲ ಕೈಯಲ್ಲೊಂದು ಮೊಬೈಲು ಹಿಡಿದು ಒತ್ತುತ್ತಲೇ ಇರುತ್ತಾರೆ. ಕಣ್ಣು ಮುಚ್ಚಿಕೊಂಡರೆ ತಗಡಿನ ಮೇಲೆ ಹಕ್ಕಿಗಳ ಹಿಂಡು ಕಾಳು ಹೆಕ್ಕುತ್ತಿದೆಯೇನೋ ಅನ್ನಿಸಬೇಕು. ಟಕ್, ಟಕ್‌ಟಕ್, ಟಕ್. ಆ ಹಿಂಡಿನಲ್ಲಿ ಒಂದು ಕೊಕ್ಕು ಮಾತ್ರ ಮೊಂಡಾಗಿತ್ತು. ಉಳಿದವೆಲ್ಲ ಟಕ್ ಎಂದರೆ ಅದೊಂದು ಟಪ್ ಎನ್ನುತ್ತಿತ್ತು. ಯಾರದಪ್ಪಾ ಅದು ಎಂದು ಅವಳು ತಲೆಯೆತ್ತಿ ಒಬ್ಬೊಬ್ಬರ ಕೈಯನ್ನೇ ನೋಡುತ್ತ ಬಂದಳು. ಕೊನೆಗೆ ತನ್ನ ಕೈ ನೋಡಿಕೊಂಡಳು.

ತನ್ನದೇ.

ಬೆರಳಿನ ತುದಿ ಬೀಳಬೇಕಾದ ಕಡೆ ಬೆರಳಿನ ಪಕ್ಕೆ ಬೀಳುತ್ತಿತ್ತು. ಅವಳು ಅದನ್ನು ನೆಟ್ಟಗೆ ಮಾಡಿ ಇನ್ನೊಮ್ಮೆ ಒತ್ತಿದಳು. ಟಕ್ ಎಂದಿತು. ಸದ್ಯ ಎಂದುಕೊಂಡಳು. ಗಮನ ಬೇರೆ ಕಡೆ ಹೊರಳಿದ್ದೇ ತಡ, ಮತ್ತೆ ಟಪ್. ಆವತ್ತಿನಿಂದ ಅವಳು ಆ ಕೋಣೆಯಲ್ಲಿ ಬೇರೇನನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಅಲ್ಲಿ ಎಲ್ಲರೂ ಅವಳನ್ನು ಹೆಬ್ಬೆಟ್ಟಕ್ಕ ಎನ್ನುತ್ತಿದ್ದರು. ಹೆಸರು ಕೇಳಿದ ಹೊಸಬರು, ಪಾಪ, ಓದು ಬರಹ ಬಾರದವಳಿರಬೇಕು ಎಂದುಕೊಂಡು ಗೋಡೆಯ ಮೇಲಿನ ಸೂಚನಾ ಫಲಕಗಳನ್ನು ಅವಳಿಗೆ ಓದಿ ಹೇಳಲು ಬರುತ್ತಿದ್ದರು. "ಸಹಿ ಹಾಕೋಕೆ ಬರುತ್ತೆ ಕಣಪ್ಪಾ. ಹೆಬ್ಬೆಟ್ಟು ಒತ್ತೋದು ಸಂಬಳಕ್ಕೆ ಮಾತ್ರ" ಎಂದು ಅವಳು ನಗಿಸುತ್ತಿದ್ದಳು. ಮೊದಲು ಮೊಬೈಲು ರಿಪೇರಿ ಅಂಗಡಿಯಲ್ಲಿದ್ದವಳು. ಒಡೆದ ಗಾಜು ತೆಗೆದು ಹೊಸ ಗಾಜು ಕೂರಿಸಿದ ಮೇಲೆ ಅದರ ಮೂಲೆ ಮೂಲೆಯನ್ನೂ ಒತ್ತಿ, ಎಲ್ಲಿ ಜೀವ ಇದೆ, ಎಲ್ಲಿ ಇಲ್ಲ ಎಂದು ಹೇಳುವುದು ಅವಳ ಕೆಲಸ. ಗಾಜಿನ ಜೀವ ನೋಡುತ್ತ ನೋಡುತ್ತ ಅವಳ ಬೆರಳಿಗೇ ಒಂದು ನಡೆ ಬಂದುಬಿಟ್ಟಿತ್ತು. ಎಷ್ಟು ಸಲ ಒತ್ತಿದರೂ ಒಂದೇ ಕಡೆ, ಒಂದೇ ಭಾರ. ಅದನ್ನು ಕಂಡೇ ಈ ಕಂಪನಿಯವರು ಅವಳನ್ನು ಕರೆದಿದ್ದರು.

ಕಂಪನಿ ಮಾಡುತ್ತಿದ್ದುದು ಸ್ಥಳಾಂತರದ ಕೆಲಸ. ಕಂಪ್ಯೂಟರಿನಲ್ಲಿ ಜನ ವರ್ಷಗಟ್ಟಲೆ ಆಡಿ ಮೆಚ್ಚಿದ ಒಂದು ದೊಡ್ಡ ಆಟ. ಕತ್ತಿ ಹಿಡಿದ ಒಬ್ಬ ಅಲೆಮಾರಿ, ದಾಟಿದಷ್ಟೂ ಮುಗಿಯದ ಕಾಡು, ಪ್ರತಿ ಗೆಲುವಿಗೂ ಒಂದಿಷ್ಟು ಬಲಿಯುವ ಅವನ ತೋಳು, ಗವಿಗಳಲ್ಲಿ ಕಾದು ಕೂತ ರಾಕ್ಷಸರು. ಇಷ್ಟನ್ನೂ ತಂದು ಅಂಗೈಯಗಲದ ಮೊಬೈಲಿನೊಳಗೆ ಇಳಿಸಬೇಕು. ದೊಡ್ಡ ಮನೆಯಿಂದ ಸಣ್ಣ ಮನೆಗೆ ಬಿಡಾರ ಬದಲಿಸಿದವರಿಗೆ ಈ ಕಷ್ಟ ಗೊತ್ತು. ಯಾವ ಸಾಮಾನನ್ನೂ ಬಿಡಲು ಮನಸ್ಸಿಲ್ಲ, ಎಲ್ಲವನ್ನೂ ತರಲು ಜಾಗವಿಲ್ಲ. ಮೊಬೈಲು ಕಾದು ಕೆಂಡವಾಗುತ್ತದೆಂದು ಕಾಡಿನ ಮರಗಳಲ್ಲಿ ಅರ್ಧದಷ್ಟನ್ನು ಕಡಿದು ಹಾಕಿದರು. ಉಳಿದವುಗಳ ನೆರಳನ್ನು ಅಳಿಸಿದರು. ಪ್ರೋಗ್ರಾಮು ಬರೆಯುವವನು ದಪ್ಪ ಗಾಜಿನ ಕನ್ನಡಕ ಹಾಕಿದ ಹುಡುಗ. ಅವನನ್ನು ಎಲ್ಲರೂ ಕನ್ನಡಕ ಎಂದೇ ಕರೆಯುತ್ತಿದ್ದರು. ಪ್ರತಿಯೊಂದು ಮರ ಅಳಿಸಿದಾಗಲೂ ಅವನು "ಕ್ಷಮಿಸಪ್ಪಾ" ಎಂದು ಗೊಣಗುತ್ತಿದ್ದ.

ಮರಕ್ಕಿಂತ ದೊಡ್ಡ ಕಷ್ಟ ಕೈಯದು. ಕಂಪ್ಯೂಟರಿನಲ್ಲಿ ಹತ್ತು ಬೆರಳೂ ಹಂಚಿಕೊಂಡು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಎರಡು ಹೆಬ್ಬೆರಳು ಮಾಡಬೇಕು. ಎಡಗಡೆಯದು ಅಲೆಮಾರಿಯನ್ನು ನಡೆಸಬೇಕು. ಬಲಗಡೆಯದು ಹೊಡೆಯಬೇಕು, ತಡೆಯಬೇಕು, ಮದ್ದು ಕುಡಿಸಬೇಕು, ಏಟು ಬೀಳುವ ಹೊತ್ತಿಗೆ ಅವನನ್ನು ಪಕ್ಕಕ್ಕೆ ಉರುಳಿಸಿ ಬದುಕಿಸಬೇಕು. ಗಾಜಿನ ಮೇಲಿನ ಬಟನ್ನಿಗೆ ಉಬ್ಬಿಲ್ಲ, ತಗ್ಗಿಲ್ಲ. ನೋಡದೆ ಒತ್ತಿದಾಗ ಬೆರಳು ಸಹಜವಾಗಿ ಎಲ್ಲಿ ಬೀಳುತ್ತದೋ ಅಲ್ಲೇ ಅದು ಇರಬೇಕು.

ಅದಕ್ಕೆ ಅವರೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಆಟದ ಪ್ರತಿ ಅಧ್ಯಾಯ ಇಳಿಸುವಾಗಲೂ ಹೆಬ್ಬೆಟ್ಟಕ್ಕ ಬಲಗೈ ಹೆಬ್ಬೆರಳಿಗೆ ಮುಖಕ್ಕೆ ಹಚ್ಚುವ ಪೌಡರು ಸವರಿಕೊಂಡು, ಆಫ್ ಮಾಡಿಟ್ಟ ಕಪ್ಪು ಮೊಬೈಲನ್ನು ಹಿಡಿದು, ಕಣ್ಣು ಮುಚ್ಚಿ, "ಹೊಡೆ", "ತಡೆ", "ಉರುಳು" ಎಂದು ಕನ್ನಡಕ ಕೂಗಿದ ಹಾಗೆಲ್ಲ ಒತ್ತುವಳು. ಕಪ್ಪು ಗಾಜಿನ ಮೇಲೆ ಬಿಳಿ ಗುರುತುಗಳ ಗೊಂಚಲು ಮೂಡುವುದು. ಕನ್ನಡಕ ಅದರ ಫೋಟೋ ತೆಗೆದು ಗೊಂಚಲಿನ ನಡುವೆ ಬಟನ್ನು ಕೂರಿಸುವನು. ಅಳತೆಗೋಲಿಗಿಂತ ಆ ಪೌಡರಿನ ಗುರುತಿನ ಮೇಲೆ ಅವರಿಗೆ ಹೆಚ್ಚು ನಂಬಿಕೆ. ಅಲ್ಲಿಯವರೆಗೆ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ. ಪ್ರಶ್ನಿಸಬೇಕಾದವಳು ಅವಳೊಬ್ಬಳೇ.

ಟಪ್ ಎಂಬ ಆ ಸದ್ದು ಕೇಳಿದ ಮೇಲೂ ಅವಳು ಬಾಯಿ ಬಿಡಲಿಲ್ಲ. ಗವಿಯೊಡತಿಯ ಅಧ್ಯಾಯ ಬಂತು. ಆಟದಲ್ಲೆಲ್ಲ ಜನ ಹೆದರುವುದು ಇವಳಿಗೇ. ಉದ್ದ ತೋಳಿನ ಮುದುಕಿ. ಕೈಯನ್ನು ತಲೆಯ ಮೇಲೆತ್ತಿ ಒಂದು ಕ್ಷಣ ನಿಲ್ಲುತ್ತಾಳೆ. ಆ ಕ್ಷಣದಲ್ಲಿ ಉರುಳಿದರೆ ಉಳಿದಿರಿ, ಇಲ್ಲದಿದ್ದರೆ ಇಲ್ಲ. ಹೆಬ್ಬೆಟ್ಟಕ್ಕ ಉರುಳಲಾಗದೆ ಸತ್ತಳು. ಮತ್ತೆ ಸತ್ತಳು. ಬೆಳಗಿನಿಂದ ಊಟದ ಹೊತ್ತಿನವರೆಗೆ ಸಾಯುತ್ತಲೇ ಇದ್ದಳು. ಒತ್ತು ಎಂದು ಮನಸ್ಸು ಹೇಳುವುದಕ್ಕೂ ಬೆರಳು ಒತ್ತುವುದಕ್ಕೂ ನಡುವೆ ಸಣ್ಣದೊಂದು ಬಿರುಕು ಬಿದ್ದಿತ್ತು. ಮುದುಕಿಯ ಕೈ ಪ್ರತಿ ಸಲವೂ ಆ ಬಿರುಕಿನೊಳಗೆ ಇಳಿಯುತ್ತಿತ್ತು.

"ಮೊಬೈಲಿಗೆ ಇವಳು ತುಂಬಾ ಚುರುಕಾದಳು. ಕೈ ಎತ್ತಿ ಇನ್ನೊಂದು ಚೂರು ನಿಲ್ಲಲಿ" ಎಂದಳು ಕನ್ನಡಕನಿಗೆ.

"ಆಗಲಿ ಅಕ್ಕಾ." ಅವನು ನಿಲ್ಲಿಸಿದ.

"ಇನ್ನೊಂದು ಚೂರು."

"ಆಗಲಿ."

ಅವನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವಳು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಅವಳ ಹೆದರಿಕೆ ಕೆಲಸದ್ದಾಗಿದ್ದರೆ ಹೇಗಾದರೂ ನುಂಗಿಕೊಳ್ಳುತ್ತಿದ್ದಳು. ಅದು ಅಪ್ಪನದು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಅವರದು ನೂಲು ಹಿಡಿದ ಹಾಗೆ ನೆಟ್ಟಗೆ ಹೋಗುವ ಸಾಲು. ಒಂದು ವರ್ಷ ಆ ಸಾಲು ಕೊನೆಗೆ ಬರುವಷ್ಟರಲ್ಲಿ ಕೊಂಚ ಕೆಳಗೆ ಜಾರತೊಡಗಿತು. ಅಂಗಡಿಯವರು ಏಣಿ ಸರಿಯಿಲ್ಲ ಎಂದರು; ಅಪ್ಪ ಗೋಡೆ ಸರಿಯಿಲ್ಲ ಎಂದರು. ಆಮೇಲೆ ಕುಂಚ ಬಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದಾಯಿತು. ಹೆಬ್ಬೆರಳಿನ ಬುಡದ ಮಾಂಸ ಕರಗಿ ಅಲ್ಲೊಂದು ಗುಳಿ ಬಿತ್ತು. ಕೈ ಹೋಯಿತು, ಆಮೇಲೆ ಕಾಲು, ಕಟ್ಟಕಡೆಗೆ ನುಂಗುವುದು. ಮನೆಯಲ್ಲಿ ಆ ಕಾಯಿಲೆಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. 'ಅದು' ಎನ್ನುತ್ತಿದ್ದರು. ಅಪ್ಪನನ್ನು ಕೊನೆಯ ತನಕ ಎತ್ತಿ ಇಳಿಸಿ, ತೊಳೆದು, ತುತ್ತು ಮಾಡಿ ಉಣಿಸಿದವಳು ಅವಳ ಅಕ್ಕ. ತಂಗಿಗೆ ಆಗ ಕೆಲಸ, ಅಕ್ಕನಿಗೆ ಅಪ್ಪ. ಮದುವೆಯ ಮಾತು ಬಂದಾಗಲೆಲ್ಲ ಅಕ್ಕ "ನನಗೆ ಈಗಾಗಲೇ ಒಬ್ಬ ಮಗ ಇದಾನಲ್ಲ, ಎಪ್ಪತ್ತು ವರ್ಷದವನು" ಎಂದು ನಗುತ್ತಿದ್ದಳು.

ಅಪ್ಪ ಹೋದ ಮೇಲೆ ಅಕ್ಕ ತಂಗಿ ಇಬ್ಬರೇ ಒಂದು ಮನೆಯಲ್ಲಿ. ಅಕ್ಕನದು ಬಟ್ಟೆ ಸರಿಮಾಡಿ ಕೊಡುವ ಕೆಲಸ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಮೇಲೆ ಕಂಡವರ ಅಂಗಿ ಲಂಗಗಳ ಗುಡ್ಡೆ. ಕಣ್ಣು ಸ್ವಲ್ಪ ಮಂಜು. ಅದಕ್ಕೇ ತಂಗಿ ಪ್ರತಿ ಸಂಜೆ ಬಂದು, ಮರುದಿನಕ್ಕೆ ಬೇಕಾದ ಕೈಸೂಜಿಗಳಿಗೆಲ್ಲ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಡುತ್ತಿದ್ದಳು. ಬಿಳಿ, ಕಪ್ಪು, ನೀಲಿ, ಬೂದು. ವರ್ಷಗಳಿಂದ ನಡೆದು ಬಂದ ಕೆಲಸ. ಅದರ ನಡುವೆಯೇ ಇಬ್ಬರ ದಿನದ ಸುದ್ದಿಯೆಲ್ಲ ಮುಗಿಯುತ್ತಿತ್ತು.

ಈಗ ಸೂಜಿ ಹಿಡಿದರೆ ಹೆಬ್ಬೆರಳು ತೋರುಬೆರಳನ್ನು ಮುಟ್ಟುವ ಮೊದಲೇ ದಣಿಯುತ್ತಿತ್ತು. ಸೂಜಿ ನೆಲಕ್ಕೆ ಬೀಳುತ್ತಿತ್ತು. "ಇವತ್ತು ತಲೆನೋವು ಅಕ್ಕಾ" ಎಂದಳು ಒಂದು ಸಂಜೆ. "ಇವತ್ತು ಬೇಗ ಮಲಗ್ತೀನಿ" ಎಂದಳು ಇನ್ನೊಂದು ಸಂಜೆ. ಅಕ್ಕ "ಹೂಂ" ಎಂದಳು, ಅಷ್ಟೆ. ಆಮೇಲೊಂದು ದಿನ ಹೊಲಿಗೆ ಯಂತ್ರದ ಮೇಲೆ ಹೊಸದೊಂದು ವಸ್ತು ಕಂಡಿತು. ದಾರ ಪೋಣಿಸುವ ಸಣ್ಣ ತಗಡಿನ ಸಾಧನ, ತುದಿಯಲ್ಲಿ ಕೂದಲಿನಂಥ ತಂತಿ. ಅಕ್ಕ ಕೊಂಡು ತಂದಿದ್ದಳು. ಯಾಕೆ ಎಂದು ಹೇಳಿರಲಿಲ್ಲ.

ಅದನ್ನು ಕಂಡು ಅವಳಿಗಾದ ಭಯ ಗವಿಯೊಡತಿಯನ್ನು ಕಂಡು ಯಾರಿಗೂ ಆಗಿರಲಿಕ್ಕಿಲ್ಲ. ಬಾಗಿಲಲ್ಲೇ ನಿಂತಳು. ಅಕ್ಕನಿಗೆ ಗೊತ್ತಾಗಿದೆ. ಗೊತ್ತಾಗಿಯೂ ಕೇಳುತ್ತಿಲ್ಲ. ಕೇಳುವುದಕ್ಕೆ ಅವಳಿಗೂ ಹೆದರಿಕೆ. ಮತ್ತೊಮ್ಮೆ ಎತ್ತಬೇಕು, ಇಳಿಸಬೇಕು, ತುತ್ತು ಮಾಡಬೇಕು. ಈ ಸಲ ಸ್ವಂತ ತಂಗಿಗೆ. ಆ ಗಳಿಗೆಯಲ್ಲಿ ಅವಳು ಒಂದು ನಿರ್ಧಾರ ಮಾಡಿದಳು. ಯಾವ ಡಾಕ್ಟರ ಬಾಗಿಲಿಗೂ ಹೋಗುವುದಿಲ್ಲ. ಹೆಸರು ಇಡುವವರೆಗೆ ಅದಕ್ಕೆ ಹೆಸರಿಲ್ಲ.

ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬೀಗದ ಅಂಗಡಿ. ಅಪ್ಪ ಬರೆದ ಬೋರ್ಡುಗಳಲ್ಲಿ ಉಳಿದದ್ದು ಅದೊಂದೇ. 'ಕೀಲಿ ಮಾಡಿಕೊಡಲಾಗುವುದು'. ಮೊದಲಕ್ಷರ ನೆಟ್ಟಗೆ ಎದೆಯುಬ್ಬಿಸಿ ನಿಂತಿದ್ದರೆ ಕೊನೆಯದು ಬೋರ್ಡಿನ ಅಂಚಿನಿಂದ ಇನ್ನೇನು ಬಿದ್ದೇಬಿಡುತ್ತದೆ ಅನ್ನಿಸುತ್ತಿತ್ತು. ಅವಳು ರಸ್ತೆಯ ಆಚೆ ಬದಿಯಲ್ಲಿ, ಅತ್ತ ನೋಡದೆ ನಡೆಯಲು ಶುರುಮಾಡಿದಳು.

ಆಟ ಹೊರಬರುವ ಮೊದಲು ಹೊರಗಿನ ಒಂದಿಷ್ಟು ಜನರನ್ನು ಕರೆಸಿ ಆಡಿಸುವುದು ಅವರ ರೂಢಿ. ಆ ಸಲ ಬಂದವರಲ್ಲಿ ಒಬ್ಬ ಬಾಡಿಗೆ ಕಾರಿನ ಡ್ರೈವರು. ಗಿರಾಕಿಗೆ ಕಾಯುವ ಹೊತ್ತನ್ನೆಲ್ಲ ಮೊಬೈಲಿನಲ್ಲೇ ಕಳೆಯುವವನು. ಒಂದು ಗಂಟೆ ಆಡಿದ ಮೇಲೆ ಕೈ ಕೊಡವಿದ.

"ಅಲ್ಲಾ ಸ್ವಾಮಿ, ಈ ಉರುಳೋ ಬಟನ್ನನ್ನ ಯಾರು ಇಟ್ಟಿದ್ದು? ನನ್ನ ಅಂಗೈ ಕೆಳಗೇ ಬಂದು ಕೂತಿದೆ. ಬೆಕ್ಕಿನ ಮರಿ ಇದ್ದ ಹಾಗೆ."

"ನಿಮ್ಮ ಕೈ ದೊಡ್ಡದು ಅಣ್ಣಾ" ಎಂದ ಕನ್ನಡಕ.

"ಕೈ ದೊಡ್ಡದು ಅಂತ ಕಾರಿನವರು ಸ್ಟೇರಿಂಗನ್ನ ಕಾಲ ಹತ್ತಿರ ಇಟ್ಟಿಲ್ಲವಲ್ಲಾ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಡ್ರೈವರು ಮೊಬೈಲನ್ನು ಮೇಲೆತ್ತಿ ತೋರಿಸಿದ. "ಇನ್ನು ಈ ಮುದುಕಿ. ನಾನು ಕಂಪ್ಯೂಟರಿನಲ್ಲಿ ಇವಳ ಕೈಯಲ್ಲಿ ಸತ್ತು ಸತ್ತು ಬೆಳೆದವನು. ಈಗ ನೋಡಿ, ಕೈ ಎತ್ತಿದಳು, ಎತ್ತಿದವಳು ಯಾಕೆ ಎತ್ತಿದೆ ಅಂತ ಮರೆತೇಬಿಟ್ಟಳು. ಪಾಪ, ವಯಸ್ಸಾಯಿತೋ, ಕೈಗೆ ಏನಾದರೂ ಬಂದಿದೆಯೋ!"

ಅವಳು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದಳು. ಲೋಟವನ್ನು ಎಡಗೈಯಲ್ಲಿ ಹಿಡಿದುಕೊಂಡಳು.

ಮಧ್ಯಾಹ್ನ ಆಡಲು ಬಂದವಳು ಗ್ರಂಥಾಲಯದ ಹೆಂಗಸು. ಪುಟ್ಟ ಕೈ, ತೆಳ್ಳಗಿನ ಬೆರಳು. ಅವಳೂ ಅದನ್ನೇ ಹೇಳಿದಳು: ಬಟನ್ನು ಮೂಲೆಗೆ ಓಡಿಹೋಗಿದೆ. ಕನ್ನಡಕ ತಲೆ ಕೆರೆದುಕೊಂಡ. ಆಮೇಲೆ ಅವನಿಗೊಂದು ಯೋಚನೆ ಹೊಳೆಯಿತು. ಮೊದಲ ಅಧ್ಯಾಯದಿಂದ ಇಲ್ಲಿಯವರೆಗೆ ತೆಗೆದ ಪೌಡರಿನ ಫೋಟೋಗಳನ್ನೆಲ್ಲ ದೊಡ್ಡ ಪರದೆಯ ಮೇಲೆ ಒಂದರ ಮೇಲೊಂದು ಹಾಸಿದ.

"ಅಕ್ಕಾ, ಇಲ್ಲಿ ಬನ್ನಿ, ತಮಾಷೆ ನೋಡಿ."

ಅವಳು ಹೋಗಿ ನಿಂತಳು. ಕಪ್ಪು ಪರದೆಯ ಮೇಲೆ ಬಿಳಿ ಗೊಂಚಲುಗಳು. ಮೊದಲನೆಯದು ಬಿಗಿಯಾಗಿ, ಮೇಲೆ, ಇರಬೇಕಾದ ಕಡೆ. ಅದರ ಪಕ್ಕದ್ದು ಒಂದು ಕೂದಲೆಳೆ ಕೆಳಗೆ. ಅದರ ಪಕ್ಕದ್ದು ಇನ್ನೊಂದಿಷ್ಟು ಕೆಳಗೆ, ಇನ್ನೊಂದಿಷ್ಟು ಚೆದರಿ. ಹೀಗೆ ಸಾಲಾಗಿ ಬಲಕ್ಕೆ ಹೋಗುತ್ತ ಹೋಗುತ್ತ ಕೊನೆಯದು ಮೊಬೈಲಿನ ಅಂಚಿನಿಂದ ಇನ್ನೇನು ಬಿದ್ದೇಬಿಡುತ್ತದೆ ಎಂಬಂತೆ ಜೋತು ನಿಂತಿತ್ತು.

ಬೀಗದ ಅಂಗಡಿಯ ಬೋರ್ಡು. ಅದೇ ಇಳಿಜಾರು. ಅಪ್ಪನ ಕೈ ತನ್ನ ಕೈಯೊಳಗೆ ಬಂದು ಕೂತು, ತನಗೆ ತಿಳಿಯದ ಹಾಗೆ ಗಾಜಿನ ಮೇಲೆ ಬರೆಯುತ್ತ ಬಂದಿತ್ತು. ಗೋಡೆ ಸರಿಯಿಲ್ಲ ಎಂದಿದ್ದರು ಅಪ್ಪ. ಮುದುಕಿ ಚುರುಕಾದಳು ಎಂದಿದ್ದಳು ಮಗಳು.

"ಕ್ಯಾಮೆರಾ ಅಲುಗಿರಬೇಕು ಅಲ್ವಾ ಅಕ್ಕಾ?" ಎಂದ ಕನ್ನಡಕ. ಅವನ ದನಿ ಅಳುಕುತ್ತಿತ್ತು. ಅವನ ಕಣ್ಣು ಪರದೆಯ ಮೇಲಿರಲಿಲ್ಲ, ಅವಳ ಬಲಗೈ ಮೇಲಿತ್ತು. ಅವಳು ಸೆರಗಿನೊಳಗೆ ಕೈ ಮುಚ್ಚಿಕೊಂಡಳು.

"ಹೂಂ. ಕ್ಯಾಮೆರಾನೇ ಇರಬೇಕು."

ಸಂಜೆ ಮನೆಗೆ ಹೋದಾಗ ಅಕ್ಕ ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು. ತಲೆಯೆತ್ತಲಿಲ್ಲ.

"ನಾಳೆ ನಾಲ್ಕು ಗಂಟೆಗೆ ನರದ ಡಾಕ್ಟರ ಹತ್ತಿರ ಹೇಳಿಟ್ಟಿದೀನಿ" ಎಂದಳು, ಅಂಗಡಿಯಿಂದ ಉಪ್ಪು ತರಬೇಕು ಎಂದ ಹಾಗೆ.

"ಯಾರಿಗೆ?"

"ಯಾರಿಗೆ ಅಂದರೆ? ಈ ಮನೆಯಲ್ಲಿ ಇರೋದು ನಾವಿಬ್ಬರು. ನನ್ನ ಕೈ ನೆಟ್ಟಗಿದೆ."

"ನನಗೇನೂ ಆಗಿಲ್ಲ ಅಕ್ಕಾ. ಮೊಬೈಲು ಒತ್ತಿ ಒತ್ತಿ ಸ್ವಲ್ಪ ನೋವು, ಅಷ್ಟೆ."

"ಒಳ್ಳೆಯದೇ ಆಯಿತು. ಅದನ್ನೇ ಡಾಕ್ಟರ ಬಾಯಲ್ಲಿ ಕೇಳೋಣ."

"ನಾನು ಬರಲ್ಲ."

ಅಕ್ಕ ಕತ್ತರಿ ಕೆಳಗಿಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ. ಅಪ್ಪನಿಗೆ ತುತ್ತು ಇಡುವಾಗ, ನುಂಗುತ್ತಾರೋ ಇಲ್ಲವೋ ಎಂದು ಕಾಯುತ್ತಿದ್ದಳಲ್ಲ, ಆ ಮುಖ.

"ಬರದಿದ್ದರೆ ಬಿಡು. ನಾನೊಬ್ಬಳೇ ಹೋಗಿ ಕೂತಿರ್ತೀನಿ. ಏನಮ್ಮಾ ನಿನ್ನ ತೊಂದರೆ ಅಂತ ಕೇಳಿದರೆ, ತಂಗಿಗೆ ಹೆದರಿಕೆ ಸ್ವಾಮಿ, ಅದಕ್ಕೇನಾದರೂ ಮಾತ್ರೆ ಇದ್ದರೆ ಕೊಡಿ ಅಂತೀನಿ."

ಅವಳಿಗೆ ನಗು ಬಂತು, ನಗು ಬಂದದ್ದೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲ ಆಚೆಯಿಂದ ಅಕ್ಕನ ದನಿ ಬಂತು, ಸಣ್ಣಗೆ. "ಅಪ್ಪನ್ನ ನೋಡಿಕೊಂಡಿದ್ದು ನನಗೆ ಕಷ್ಟ ಆಗಲಿಲ್ಲ ಕಣೇ. ಅವರು ವರ್ಷಗಟ್ಟಲೆ ಯಾರಿಗೂ ಹೇಳದೆ ಒಬ್ಬರೇ ಹೆದರಿಕೊಂಡಿದ್ದರಲ್ಲ, ಅದನ್ನ ನೆನೆಸಿಕೊಂಡರೆ ಕಷ್ಟ ಆಗುತ್ತೆ."

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಕನ್ನಡಕ ಅವಳನ್ನು ಒಳಗಿನ ಸಣ್ಣ ಕೋಣೆಗೆ ಕರೆದ. ಪರದೆಯ ಮೇಲೆ ಗವಿಯೊಡತಿ ಕೈ ಎತ್ತಿ ನಿಂತಿದ್ದಳು. ಆಟವನ್ನು ಅಲ್ಲೇ ತಡೆದಿದ್ದ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಇಷ್ಟು ಹೊತ್ತಿಗೆ ಅಕ್ಕ ಹೊರಟಿರುತ್ತಾಳೆ. ಒಳ್ಳೆಯ ಸೀರೆಯುಟ್ಟು, ಬೇಕಿರಲಿ ಬೇಡದಿರಲಿ ಕೊಡೆ ಹಿಡಿದು.

"ಅಕ್ಕಾ, ರಾತ್ರಿಯೆಲ್ಲ ಯೋಚನೆ ಮಾಡಿದೆ" ಎಂದ ಅವನು. "ಬಟನ್ನನ್ನ ನಾವು ಕೂರಿಸೋದೇ ಬೇಡ. ಆಡೋರು ತಮಗೆ ಬೇಕಾದ ಕಡೆ ಎಳೆದುಕೊಂಡು ಇಟ್ಟುಕೊಳ್ಳಲಿ. ದೊಡ್ಡ ಕೈಯವರು ಮೇಲೆ, ಚಿಕ್ಕ ಕೈಯವರು ಕೆಳಗೆ. ಆಗ ಯಾರ ಬೆರಳು ಎಲ್ಲಿ ಬಿದ್ದರೇನು? ಯಾರೂ ಯಾರನ್ನೂ ಕೇಳೋ ಹಾಗಿಲ್ಲ. ನಿಮ್ಮನ್ನೂ."

ಅವನು ತನಗೊಂದು ಮರೆ ಕಟ್ಟಿಕೊಡುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಒಳ್ಳೆಯ ಮರೆ. ಅದರ ಹಿಂದೆ ಇನ್ನೂ ಎಷ್ಟೋ ದಿನ ಕೂತಿರಬಹುದು. ನಾಳೆಯೂ ಟಪ್ ಎನ್ನಿಸಬಹುದು, ನಾಡಿದ್ದೂ. ಅವಳು ಪರದೆಯತ್ತ ನೋಡಿದಳು. ಎತ್ತಿದ ಆ ಕೈ ಇಳಿಯದೆ ನಿಂತೇ ಇತ್ತು. ಇಷ್ಟು ದಿನ ತಾನು ಬೇಡಿಕೊಂಡದ್ದು ಅದನ್ನೇ: ಇನ್ನೊಂದು ಚೂರು ನಿಲ್ಲು, ಇನ್ನೊಂದು ಚೂರು.

"ಕ್ಯಾಮೆರಾ ಅಲುಗಿಲ್ಲ ಕಣೋ" ಎಂದಳು.

ಅವನು ಕನ್ನಡಕ ತೆಗೆದ. ತೆಗೆದ ಮೇಲೆ ಅವನ ಮುಖ ಬೆತ್ತಲಾದ ಹಾಗೆ ಕಂಡಿತು. "ಗೊತ್ತು ಅಕ್ಕಾ."

"ನನ್ನ ಕೈ ಕೆಟ್ಟಿದೆ. ಯಾವಾಗಿಂದ ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಮುದುಕಿ ಮೊದಲು ಹೇಗಿದ್ದಳೋ ಹಾಗೇ ಸರಿ. ಅವಳನ್ನ ಮತ್ತೆ ಚುರುಕು ಮಾಡು."

ಅವನು ಗಡಬಡಿಸಿ ಮಾತಿಗೆ ಬಿದ್ದ. ಹೆದರಿದಾಗ ಅವನಿಗೆ ಮಾತು ಹೆಚ್ಚು. "ಮಾಡೋಣ, ಮಾಡೋಣ. ಮೊದಲನೇ ಅಧ್ಯಾಯದ ಗುರುತು ಇದೆಯಲ್ಲಾ, ಅದನ್ನೇ ಎಲ್ಲ ಕಡೆಗೂ ಹಾಕ್ತೀನಿ. ಅದು ನಿಮ್ಮದೇ ತಾನೇ? ಯಜಮಾನರಿಗೆ ನಾನು ಹೇಳ್ತೀನಿ, ನೀವು ಏನೂ ಹೇಳಬೇಡಿ. ನೀವು ಇಲ್ಲೇ ಇರ್ತೀರಿ, ಎಡಗೈಯಲ್ಲಿ ಆಡೋರಿಗೂ ಒಂದು ಜೋಡಣೆ ಬೇಕು ಅಂತಿದ್ದೆವಲ್ಲಾ, ಅದನ್ನ ನೀವೇ..."

ಅವಳು ಗಡಿಯಾರ ನೋಡಿದಳು. ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಚೀಲ ತೆಗೆದುಕೊಂಡಳು. ಕಾಯುವ ಕೋಣೆಯ ಬೆಂಚಿನ ಮೇಲೆ ಮೊಣಕಾಲಿಗೆ ಕೊಡೆ ಒರಗಿಸಿ, ಯಾರು ಒಳಗೆ ಬಂದರೂ ತಲೆಯೆತ್ತಿ ನೋಡುವ ಅಕ್ಕ ಕಣ್ಣಿಗೆ ಕಟ್ಟಿದಳು.

"...ಒಂದು ಮಾತು ಅಕ್ಕಾ, ಆ ಮುದುಕಿ ಕೈ ಎತ್ತಿ ನಿಲ್ಲೋದು ಮೊದಲು ಎಷ್ಟು ಹೊತ್ತು ಇತ್ತು ಅಂತ ನಿಮಗೆ ನೆನಪಿದೆಯಾ? ಒಂದು ಸಲ ಕೂತು ನೋಡಿಬಿಟ್ಟರೆ..."

ಅವಳು ಬಾಗಿಲು ದಾಟಿದ್ದಳು. ಉದ್ದ ಮೇಜಿನ ಸುತ್ತ ಹಕ್ಕಿಗಳು ಕಾಳು ಹೆಕ್ಕುತ್ತಲೇ ಇದ್ದವು. ಅವನ ಮಾತು ಇನ್ನೂ ಬೆನ್ನ ಹಿಂದೆ ಕೇಳುತ್ತಿದ್ದ ಹಾಗೆಯೇ, ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು, ಪಕ್ಕದ ಕಂಬಿ ಹಿಡಿದುಕೊಂಡು ಅವಳು ಮೆಟ್ಟಿಲಿಳಿಯತೊಡಗಿದಳು.